ದಮ್ಮು ಎಳೆಯುವ ಲಿಯಾವ್ ಮೇಸ್ತ್ರಿ

ನಮ್ಮ ಇ-ಸಿಗರೇಟು ಕಾರ್ಖಾನೆಯಲ್ಲಿ ಕೂತಲ್ಲೇ ಕೂತು ದಮ್ಮು ಎಳೆದು ಸಂಬಳ ಪಡೆಯುವವರು ಒಬ್ಬರೇ, ಲಿಯಾವ್ ಮೇಸ್ತ್ರಿ. ಪುಣ್ಯವಂತ ಅಂತ ಹೊಟ್ಟೆಕಿಚ್ಚು ಪಡಬೇಡಿ. ದಿನಕ್ಕೆ ಮುನ್ನೂರು ದಮ್ಮು, ಒಂದನ್ನೂ ಎದೆಗೆ ಇಳಿಸುವ ಹಾಗಿಲ್ಲ. ಬಾಯಲ್ಲಿ ಆಡಿಸಿ ಊದಿಬಿಡಬೇಕು, ಬಿಸಿನೀರು ಮುಕ್ಕಳಿಸಬೇಕು, ಅನಿಸಿದ್ದನ್ನು ಬರೆಯಬೇಕು, ಮತ್ತೆ ಎಳೆಯಬೇಕು. ಮಾವಿನಹಣ್ಣಿನ ಘಮದ್ದು ಮುಗಿದರೆ ಕಲ್ಲಂಗಡಿಯದ್ದು. ಮನೆಯಲ್ಲಿ ಹೆಂಡತಿ ಹಣ್ಣು ಹೆಚ್ಚಿ ತಂದರೆ ಮನುಷ್ಯ ಎದ್ದು ಓಡುತ್ತಿದ್ದರಂತೆ.

ನಾನು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು, ತಾಂಗ್. ಶೆನ್‌ಝೆನ್‌ನ ಈ ಶಾಜಿಂಗ್ ಕಡೆ ಬೀದಿಗೆ ಮೂರು ಇ-ಸಿಗರೇಟು ಕಾರ್ಖಾನೆ, ಎಲ್ಲ ಕಡೆಯೂ ಎಳೆದು ನೋಡುವವರು ಇದ್ದೇ ಇದ್ದಾರೆ. ಆದರೆ ನಮ್ಮ ಮೇಸ್ತ್ರಿಯಂಥ ಬಾಯಿ ಇನ್ನೊಂದಿಲ್ಲ. ಮೇಯ್‌ಝೌ ಬೆಟ್ಟದ ಕಡೆಯ ಹಕ್ಕಾ ಜನ. ಮಾತು ಕಡ್ಡಿ ಮುರಿದ ಹಾಗೆ.

ಮೊದಮೊದಲಿನ ಮಾಲಿನಲ್ಲಿ ಒಳಗಿನ ಘಮದ ದ್ರವ ಹೀರಿಕೊಳ್ಳಲು ಹತ್ತಿ ಹಾಕುತ್ತಿದ್ದರು. ಹತ್ತಿ ಒಣಗಿದರೆ ಸುಟ್ಟ ಘಾಟು. ಮೇಸ್ತ್ರಿ ವರದಿಯಲ್ಲಿ ಬರೆದದ್ದು ಎರಡೇ ಪದ: "ಸೀದ ಗಂಜಿ." ಹತ್ತಿ ಹೋಗಿ ಸಣ್ಣ ಸಣ್ಣ ತೂತಿನ ಪಿಂಗಾಣಿ ಬಂತು. ಒತ್ತುವ ಗುಂಡಿ ಹೋಗಿ, ಎಳೆದರೆ ತಾನೇ ಕಾಯಿಸುವ ಸೆನ್ಸರ್ ಬಂತು. ಮೊದಲ ವರ್ಷ ಅದು ಎಷ್ಟು ಚುರುಕಾಗಿತ್ತೆಂದರೆ ಹೊರಗೆ ಲಾರಿ ಹೋದರೂ ಡಬ್ಬಿಯೊಳಗೇ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಹೊಗೆಸೊಪ್ಪನ್ನು ಸುಡದೆ ಬರೀ ಬಿಸಿ ಮಾಡುವ ಸಾಧನ ಶುರುವಾಯಿತು. ಅದರ ನಡುವೆ ಒಂದು ಸೂಜಿ ಕಾಯಬೇಕು, ಅದು ಲಟಕ್ಕೆಂದು ಮುರಿಯುತ್ತಿತ್ತು. "ನಮ್ಮಜ್ಜಿ ಹಲ್ಲು ಇದಕ್ಕಿಂತ ಗಟ್ಟಿ" ಎಂದು ಬರೆದರು. ಎಂಜಿನಿಯರುಗಳು ಬೈದುಕೊಳ್ಳುತ್ತಲೇ ಸೂಜಿ ತೆಗೆದು, ಸುತ್ತಲಿಂದ ಕಾಯುವ ಹಾಗೆ ಮಾಡಿದರು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಇಪ್ಪತ್ತು ಬಾಯಿಯ ಯಂತ್ರ ಬಂತು. ಮೂವತ್ತು ಸೆಕೆಂಡಿಗೊಮ್ಮೆ, ಮೂರು ಸೆಕೆಂಡ್, ಇಪ್ಪತ್ತೂ ಬಾಯಿ ಒಟ್ಟಿಗೆ ದಮ್ಮು ಎಳೆಯುತ್ತವೆ. ಚಹಾಕ್ಕೆ ಎದ್ದು ಹೋಗುವುದಿಲ್ಲ, ಮುಖ್ಯವಾಗಿ ಯಾರನ್ನೂ ಬೈಯುವುದಿಲ್ಲ. ಅದನ್ನು ನಡೆಸಲು ವುಹಾನ್ ಕಡೆಯ ಒಬ್ಬ ಹುಡುಗಿಯೂ ಬಂದಳು, ಎಂಜಿನಿಯರ್ ಗೊಂಗ್, ಇಪ್ಪತ್ತಾರು ವರ್ಷ. ನಮ್ಮ ಯಜಮಾನ ಫಾನ್ ಅವರಿಗೆ ಯಂತ್ರದ ಮೇಲೆ ಎಷ್ಟು ಮೋಹವೆಂದರೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು.

ಮೇಸ್ತ್ರಿಗೆ ಆಗ ಐವತ್ತೇಳು. ಪಿಂಚಣಿಗೆ ಇನ್ನೂ ಮೂರು ವರ್ಷ. ಈ ಊರಿನ ಯಾವ ಕಾರ್ಖಾನೆಯ ಗೇಟು ನೋಡಿ, "ಹದಿನೆಂಟರಿಂದ ನಲವತ್ತೈದು ವಯಸ್ಸಿನವರು ಬೇಕಾಗಿದ್ದಾರೆ" ಎಂದು ಬೋರ್ಡು. ಇಲ್ಲಿಂದ ಹೊರಬಿದ್ದರೆ ಅವರಿಗೆ ಇನ್ನೊಂದು ಗೇಟು ತೆರೆಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ವರ್ಷದ ಕೊನೆಗೆ ಹೊಸ ಮಾಲು ತಯಾರಾಯಿತು. ಮೇಸ್ತ್ರಿ ನಾಲ್ಕು ದಮ್ಮು ಎಳೆದು ಕೆಳಗಿಟ್ಟರು.

"ಇದು ಸೋರತ್ತೆ."

"ಸೋರಲ್ಲ ಮೇಸ್ತ್ರಿ," ಎಂದಳು ಗೊಂಗ್. "ಯಂತ್ರ ಆರುನೂರು ದಮ್ಮು ಎಳೀತು. ಒಂದ್ ಹನಿ ಬಂದಿಲ್ಲ."

"ನಿನ್ ಯಂತ್ರಕ್ಕೆ ಹೆಂಡ್ತಿ ಇದಾಳಾ?"

"ಏನಂದ್ರಿ?"

"ಹೆಂಡ್ತಿ ಫೋನ್ ಮಾಡಿ ರೇಗಿದ್ರೆ ಮನುಷ್ಯ ಹೆಂಗೆ ಎಳೀತಾನೆ ಗೊತ್ತಾ? ಚುಟುಕ್ ಚುಟುಕಾಗಿ, ನಾಲ್ಕ್ ಸಲ. ಆ ಚುಟುಕು ದಮ್ಮಿಗೆ ಒಳಗೆ ಕಾವು ಹತ್ತಲ್ಲ, ರಸ ಮಾತ್ರ ಮೇಲಕ್ಕೆ ಬರತ್ತೆ. ಬಂದಿದ್ದು ಎಲ್ಲಿಗೆ ಹೋಗ್ಬೇಕು? ಜೇಬಿಗೆ!"

"ಅಂಥ ಪರೀಕ್ಷೆ ಯಾವ ನಿಯಮದಲ್ಲಿದೆ, ತೋರ್ಸಿ."

"ನಿನ್ ನಿಯಮಕ್ಕಿಷ್ಟು ಬೆಂಕಿ ಹಾಕ! ತಗೊಂಡ್ ಹೋಗು, ನೀನೇ ಹಾಗೆ ಎಳೆದು ಚೀಲದಲ್ಲಿಟ್ಕೊಂಡು ಓಡಾಡು. ಆಮೇಲೆ ಬಾ."

ಅವಳು ಮೂತಿ ಉಬ್ಬಿಸಿಕೊಂಡು ಒಂದನ್ನು ಚೀಲಕ್ಕೆ ಹಾಕಿಕೊಂಡಳು. ಆದರೆ ಯಂತ್ರದ ವರದಿ ಅವತ್ತೇ ಯಜಮಾನರ ಕೈ ಸೇರಿ, ಮಾಲು ಪಾಸಾಯಿತು. ಯಜಮಾನರು ಮೆಟ್ಟಿಲ ಮೇಲೆ ನಿಂತು, "ಇಪ್ಪತ್ತು ಬಾಯಿ ಇರೋವಾಗ ಇಪ್ಪತ್ತೊಂದನೇದು ಯಾಕ್ರೀ?" ಎಂದು ನಕ್ಕಿದ್ದು ಇಡೀ ಮಹಡಿಗೆ ಕೇಳಿಸಿತು. ಮೇಸ್ತ್ರಿ ಬಾಯಲ್ಲಿದ್ದ ಬಿಸಿನೀರನ್ನು ಉಗಿಯುವುದನ್ನೂ ಮರೆತು ನುಂಗಿಬಿಟ್ಟರು.

ಅದಾದ ವಾರಕ್ಕೆ ಯಜಮಾನರು ಹಾಕಿಸುವ ವರ್ಷದ ಕೊನೆಯ ಊಟ. ಆ ಊಟದಲ್ಲಿ ಬೇಯಿಸಿದ ಕೋಳಿಯನ್ನು ತಲೆಯ ಸಮೇತ ಇಡುವುದು ಹಳೆಯ ಪದ್ಧತಿ. ತಲೆ ಯಾರ ಕಡೆ ತಿರುಗಿದೆಯೋ ಅವರು ಹೊಸ ವರ್ಷದ ಹಬ್ಬ ಮುಗಿಸಿ ಕೆಲಸಕ್ಕೆ ವಾಪಸ್ಸು ಬರಬೇಕಾಗಿಲ್ಲ. ಯಜಮಾನನ ಕಡೆಗೇ ಇದ್ದರೆ ಯಾರ ಕೆಲಸಕ್ಕೂ ಭಯವಿಲ್ಲ. ಬೇರೆ ಕಡೆ ಈಗ ಅದನ್ನೊಂದು ತಮಾಷೆ ಅನ್ನುತ್ತಾರೆ. ನಮ್ಮ ಯಜಮಾನರು ಯಂತ್ರಕ್ಕೆ ಮರುಳಾದರೂ ಕೋಳಿಯ ವಿಷಯದಲ್ಲಿ ಅವರಪ್ಪನ ಮಗ.

ಹೋಟೆಲ್ ಗೊತ್ತುಮಾಡಿದವಳು ನಾನು. ಹೊಸ ಹೋಟೆಲ್, ಒಳ್ಳೆ ಹೆಸರು. ಅಲ್ಲಿ ಮೇಜಿನ ನಡುವೆ ಅಡುಗೆ ಇಡುವ ದೊಡ್ಡ ತಟ್ಟೆ ಕರೆಂಟಿನಲ್ಲಿ ತನ್ನಷ್ಟಕ್ಕೆ ಸುತ್ತುತ್ತದೆ ಎಂಬುದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ.

ಕೋಳಿ ಬಂತು. ಬಡಿಸುವವಳು ಅದನ್ನು ಮರ್ಯಾದೆಯಾಗಿ ಯಜಮಾನರ ಕಡೆಗೇ ಮುಖ ಮಾಡಿ ಇಟ್ಟಳು. ನಾವು ಉಸಿರು ಬಿಡುವಷ್ಟರಲ್ಲಿ ಕೋಳಿ ಮೆಲ್ಲಗೆ ಪ್ರದಕ್ಷಿಣೆ ಹೊರಟಿತು. ಮೇಜಿನ ಸುತ್ತ ಹತ್ತು ಜನ. ಒಬ್ಬರೂ ಚಾಪ್‌ಸ್ಟಿಕ್ ಎತ್ತಲಿಲ್ಲ. ಉಗ್ರಾಣದ ಲೂ, ಕೊಕ್ಕು ಹತ್ತಿರ ಬರುತ್ತಿದ್ದಂತೆ ಏನೋ ಬಿದ್ದುಹೋಯಿತೆಂದು ಮೇಜಿನಡಿ ತೂರಿದ. ನನ್ನ ಮುಂದೆ ಬಂದಾಗ, ದೇವರಾಣೆ, ಅದು ನನ್ನನ್ನೇ ಒಂದು ಗಳಿಗೆ ದುರುಗುಟ್ಟಿ ನೋಡಿತು.

"ಏಯ್, ನಿಲ್ಸ್ರೋ ಅದನ್ನ!" ಎಂದು ಯಜಮಾನರು ಕೂಗಿದರು. ನಾನು ಮೇಜಿನಂಚಿನಡಿ ತಡಕಾಡಿ ಸ್ವಿಚ್ ಒತ್ತಿದೆ. ಕೋಳಿ ನಿಂತಿತು. ಕೊಕ್ಕು ನೆಟ್ಟಗೆ ಲಿಯಾವ್ ಮೇಸ್ತ್ರಿಯ ಎದೆಗೆ ಗುರಿ ಇಟ್ಟಿತ್ತು.

ಮೇಸ್ತ್ರಿ ಎದ್ದು ನಿಂತರು.

"ಯಜಮಾನ್ರೇ, ಹದಿನಾಲ್ಕ್ ವರ್ಷ ನಿಮ್ ಮಾಲು ನನ್ ಬಾಯಲ್ಲಿ ಇಟ್ಕೊಂಡಿದೀನಿ. ಹೋಗು ಅನ್ನೋದಾದ್ರೆ ನಿಮ್ ಬಾಯಲ್ಲೇ ಅನ್ನಿ. ಬೆಂದ ಕೋಳಿ ಕೈಲಿ ಹೇಳಿಸ್ಬೇಡಿ."

"ಅಯ್ಯೋ ನಾನಲ್ಲಪ್ಪಾ! ಇದರ ಮನೆ ಹಾಳಾಗ! ತಾಂಗಮ್ಮ, ಇನ್ನೊಂದ್ಸಲ ಒತ್ತು."

ಒತ್ತಿದೆ. ಸುತ್ತಿತು. "ಈಗ, ಈಗ!" ಅಂದರು, ಮತ್ತೆ ಒತ್ತಿದೆ. ಈ ಸಲ ತಲೆ ಗೊಂಗ್ ಮುಂದೆ ನಿಂತಿತು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. "ಗೊತ್ತಾಗ್ಬಿಡ್ತಾ?" ಎಂದವಳೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.

ಯಾರಿಗೂ ಏನೂ ಅರ್ಥವಾಗಲಿಲ್ಲ. ಮೇಸ್ತ್ರಿ ಅವಳನ್ನು ನೋಡಿದರು, ಕೋಳಿಯನ್ನು ನೋಡಿದರು. ಮೇಜಿನ ಮೇಲೆ ಬಾಗಿ ಕೈ ಚಾಚಿ, ತಲೆಯನ್ನು ಲಟಕ್ಕನೆ ಮುರಿದು, ಇಡಿಯಾಗಿ ಬಾಯಿಗೆ ಹಾಕಿಕೊಂಡರು.

"ಅಳ್ಬೇಡ ಕೂಸೇ," ಎಂದರು, ಕುರುಕುರು ಅಗಿಯುತ್ತಾ. "ಇನ್ ಯಾರನ್ನ ನೋಡತ್ತೋ ನೋಡೇಬಿಡೋಣ."

ಆಗ ಗೊಂಗ್ ಬಿಕ್ಕುತ್ತಲೇ ಎಲ್ಲ ಹೇಳಿದಳು. "ಮೇಸ್ತ್ರಿ ಕೊಟ್ಟಿದ್ದು ಮೂರ್ ದಿನದ ಹಿಂದೆ ಚೀಲದಲ್ಲೇ ಸೋರ್ತು. ಫೋನು, ಗುರುತಿನ ಚೀಟಿ ಎಲ್ಲ ಮಾವಿನಹಣ್ಣಿನ ವಾಸ್ನೆ. ಯಂತ್ರದಲ್ಲಿ ಅವ್ರು ಹೇಳ್ದಂಗೇ ಚುಟುಕ್ ಚುಟುಕಾಗಿ ಎಳೆಸ್ದೆ. ಇಪ್ಪತ್ರಲ್ಲಿ ಹನ್ನೊಂದು ಸೋರ್ತು. ಮಾಲು ಪಾಸ್ ಮಾಡಿದೋಳು ನಾನೇ ಅಲ್ವಾ, ಕೆಲ್ಸ ಹೋಗತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

ನಲವತ್ತು ಸಾವಿರ ಇ-ಸಿಗರೇಟು ಕಟ್ಟಿ ಪೆಟ್ಟಿಗೆಗೆ ಹಾಕಿಸಿದವಳು ನಾನು. ಅಷ್ಟನ್ನೂ ಮತ್ತೆ ಬಿಚ್ಚಬೇಕು! ಯಜಮಾನರು ಬೆವರು ಒರೆಸಿಕೊಂಡರು. ಆ ಪೆಟ್ಟಿಗೆಗಳು ಮೂರನೇ ದಿನಕ್ಕೆ ಹಡಗು ಹತ್ತಬೇಕಿತ್ತು.

"ಲಿಯಾವ್," ಎಂದರು ತಗ್ಗಿದ ದನಿಯಲ್ಲಿ, "ಸುಳ್ ಹೇಳಲ್ಲ. ಹಬ್ಬ ಆದ್ಮೇಲೆ ನಿನಗೆ ಬರ್ಬೇಡ ಅನ್ನೋಣ ಅಂತಾನೇ ಇದ್ದೆ."

"ಗೊತ್ತು."

"ಈಗ ನೀನೇ ಹೇಳು. ಯಾರನ್ನ ಕಳಿಸ್ಲಿ? ಸೋರೋ ಮಾಲು ಪಾಸ್ ಮಾಡಿ ಬಚ್ಚಿಟ್ಟಳಲ್ಲ, ಇವಳ್ನಾ?"

ಗೊಂಗ್ ಅಳು ನಿಲ್ಲಿಸಿ ಮೇಸ್ತ್ರಿಯ ಮುಖ ನೋಡಿದಳು. ನಾವೆಲ್ಲರೂ ನೋಡಿದೆವು. ಮೇಸ್ತ್ರಿ ಇನ್ನೂ ಒಂದಿಷ್ಟು ಹೊತ್ತು ಅಗಿದರು, ಬಾಯಲ್ಲಿ ಆಡಿಸಿದರು. ಆಮೇಲೆ ಎರಡು ಬೆರಳಿನಿಂದ ಕೊಕ್ಕನ್ನು ಹೊರಗೆ ತೆಗೆದು ತಮ್ಮ ತಟ್ಟೆಯಲ್ಲಿ ಇಟ್ಟು, ಅದರ ತುದಿಯನ್ನು ನಿಧಾನವಾಗಿ ಯಜಮಾನರ ಕಡೆಗೆ ತಿರುಗಿಸಿದರು.

ಯಜಮಾನರು ಆ ಕೊಕ್ಕನ್ನೇ ನೋಡುತ್ತಾ ಕೂತರು. ಕೊನೆಗೆ ಲೋಟ ಎತ್ತಿದರು. "ಹಬ್ಬ ಮುಗಿಸ್ಕೊಂಡು ಎಲ್ರೂ ಬನ್ನಿ," ಎಂದರು. ಲೂ ಮೇಜಿನಡಿಯಿಂದ ತಲೆ ಹೊರಗೆ ಹಾಕಿ, "ಎಲ್ರೂನಾ?" ಎಂದ. "ಎಲ್ರೂ ಅಂದ್ನಲ್ಲೋ, ಮೂದೇವಿ!"

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ. ಆದರೆ ಒರೆಸಿಕೊಳ್ಳುತ್ತಾ ಕೂರಲು ಪುರಸೊತ್ತಿರಲಿಲ್ಲ. ಉಳಿದ ಒಂಬತ್ತು ಜನರೂ ಒಟ್ಟಿಗೆ ಮುಗಿಬಿದ್ದಿದ್ದರು, ಕೋಳಿಯ ಎರಡೂ ತೊಡೆ ಆಗಲೇ ಖಾಲಿಯಾಗಿತ್ತು.