ಪ್ಯಾಸ್ಟಿಯ ಅಂಚು, ಕರ್ಚಿಕಾಯಿಯ ಅಂಚು

ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ; ಆವತ್ತಿನಿಂದ ಒಂದು ದಿನವೂ ಕೈಕಟ್ಟಿ ಕೂತವನಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಸಿಂಗಪುರಕ್ಕೆ ಬಂದು, ಸೆರಂಗೂನ್‌ನ ಸಣ್ಣ ಇಂಗ್ಲಿಷ್ ಹೋಟೆಲೊಂದರಲ್ಲಿ ಅಡುಗೆಗೆ ಸೇರಿದೆ. ಮಾಲೀಕರು ಇಂಗ್ಲೆಂಡಿನ ಕಡಲ ಸೀಮೆ ಕಾರ್ನ್‌ವಾಲ್‌ನವರು. ಅವರ ಊರಿನ ತಿಂಡಿ ಪ್ಯಾಸ್ಟಿ. ಮೈದಾ ಹಾಳೆಯೊಳಗೆ ದನದ ಮಾಂಸ, ಆಲೂಗಡ್ಡೆ, ಟರ್ನಿಪ್, ಈರುಳ್ಳಿ ಎಲ್ಲ ಹಸಿಯಾಗೇ ತುಂಬಿ, ಅರ್ಧಚಂದ್ರದಂತೆ ಮಡಚಿ, ಅಂಚನ್ನು ಹಗ್ಗದ ಹಾಗೆ ಹೊಸೆದು ಓವನ್ನಿನಲ್ಲಿ ಬೇಯಿಸುವುದು. ಜೊತೆಗೆ ಕುಡಿಯಲು ಸೇಬಿನ ಮದ್ಯ ಸೈಡರ್.

ಅಂಚು ಹೊಸೆಯುವುದನ್ನು ಕಲಿಸಲು ಮಾಲೀಕರು ಬರುವಷ್ಟರಲ್ಲಿ ನಾನು ಹೊಸೆದು ಮುಗಿಸಿದ್ದೆ. ಎಲ್ಲಿ ಕಲಿತೆ ಅಂದರು. ನಮ್ಮವ್ವನ ಕರ್ಚಿಕಾಯಿಯಲ್ಲಿ ಅಂದೆ. ಆಗ ಅವರು ಒಂದು ಸಂಗತಿ ಹೇಳಿದರು: ಅವರ ಸೀಮೆಯ ತವರದ ಗಣಿಗಳಲ್ಲಿ ದುಡಿಯುವವರ ಕೈಗೆ ವಿಷದ ಮಣ್ಣು ಮೆತ್ತಿರುತ್ತಿತ್ತಂತೆ. ದಪ್ಪ ಅಂಚನ್ನು ಹಿಡಿದು ಪ್ಯಾಸ್ಟಿ ತಿಂದು, ಅಂಚನ್ನು ಎಸೆಯುತ್ತಿದ್ದರಂತೆ.

ನಾನು ಲಿಂಗ ಕಟ್ಟಿದವನು, ಮಾಂಸ ಬಾಯಿಗಿಟ್ಟವನಲ್ಲ. ಮುಟ್ಟುವುದು ನನ್ನ ಕೆಲಸ, ರುಚಿ ನೋಡುವುದು ಮಾಲೀಕರ ಪಾಲು. ನಾನು ದನದ ಮಾಂಸ ಮುಟ್ಟುವ ಸುದ್ದಿ ಸಿಂಗಪುರದ ನಮ್ಮ ಜನರ ಕಿವಿಗೆ ಬಿತ್ತು.

ಗಣಪತಿ ಹಬ್ಬಕ್ಕೆ ನಾವೆಲ್ಲ ಟೋವಾ ಪಾಯೋ ಬಡಾವಣೆಯಲ್ಲಿ ನಮ್ಮ ಜಿಲ್ಲೆಯವರೇ ಆದ ಒಬ್ಬ ಎಂಜಿನಿಯರ ಮನೆಯಲ್ಲಿ ಸೇರುತ್ತಿದ್ದೆವು. ಕರ್ಚಿಕಾಯಿ ಯಾವಾಗಲೂ ನನ್ನ ಕೈಯದೇ. ಓದಿದವರ ನಡುವೆ ನನಗಿದ್ದ ಜಾಗವೆಂದರೆ ಆ ಬಾಣಲೆಯ ಮುಂದಿನದು. ಆ ವರ್ಷ ಹಬ್ಬಕ್ಕೆ ಮುಂಚೆ ಎಂಜಿನಿಯರ ಫೋನ್ ಬಂತು.

“ತಪ್ಪು ತಿಳ್ಕೋಬೇಡಿ. ಊರಿಂದ ನಮ್ಮ ಮದರ್ ಬಂದಿದಾರೆ. ಬೀಫ್ ಹ್ಯಾಂಡಲ್ ಮಾಡೋ ಕೈ ಅಂದ್ರೆ ಅವರಿಗೆ ಸರಿಹೋಗಲ್ಲ. ನೀವು ಊಟಕ್ಕೆ ಬನ್ನಿ, ಅಡುಗೆ ಮಾತ್ರ ಬೇಡ.”

ಆಯಿತು ಅಂದೆ. ಫೋನ್ ಇಟ್ಟವನೇ ಹೊಸ ಬಾಣಲೆ ತಂದು, ನನ್ನ ಬಾಡಿಗೆ ಮನೆಯಲ್ಲೇ ಹಿಟ್ಟು ಕಲಸಿದೆ. ಅಂಚನ್ನು ಬೇಕೆಂದೇ ಪ್ಯಾಸ್ಟಿಯಷ್ಟು ದಪ್ಪಗೆ ಹೊಸೆದೆ.

ಹಬ್ಬದ ದಿನ ಅವರ ಹಾಲಿನಲ್ಲಿ ಎಲ್ಲರೆದುರು ಡಬ್ಬಿ ತೆರೆದಿಟ್ಟೆ. ಯಾರೂ ಕೈ ಹಾಕಲಿಲ್ಲ.

“ನನ್ನ ಕೈ ಬ್ಯಾಡ ಅಂದ್ರಲ್ರಿ. ಅಂಚು ಹಿಡದು ತಿನ್ರಿ, ಅಂಚು ಒಗೀರಿ. ನನ್ನ ಹೊಲಸೆಲ್ಲಾ ಅದಕ್ಕಽ ಹತ್ತೈತಿ.”

ಎಂಜಿನಿಯರು ಟಿವಿಯ ಕಡೆ ತಿರುಗಿದರು. ಅವರ ತಾಯಿ ಸೋಫಾದಿಂದ ಬಾಗಿ ಒಂದು ಕರ್ಚಿಕಾಯಿ ತೆಗೆದುಕೊಂಡರು. ಬೇಡ ಅಂದವರು ಯಾರು ಎಂದು ಮಗನನ್ನೇ ಕೇಳಿದರು. ಮಗ ರಿಮೋಟ್ ತೆಗೆದು ಟಿವಿಯ ದನಿ ಏರಿಸಿದರು. ಮುದುಕಿ ಅಂಚಿನಿಂದಲೇ ಕಡಿಯಲು ಶುರುಮಾಡಿದರು.

“ಅಂಚು ಯಾಕ ಒಗೀಲೋ ತಮ್ಮಾ? ನನ್ನ ನಾಕು ಹಲ್ಲಿಗೆ ಕೆಲಸಾ ಇರೂದಽ ಅದರಾಗ.”

ಆಮೇಲೆ ಡಬ್ಬಿ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ. ನಾನು ಊಟಕ್ಕೆ ಕೂರದೆ ಬಂದೆ. ಆ ತಾಯಿ ಊರಿಗೆ ಹೊರಟಾಗ ಅವರಿಗೆಂದೇ ಒಂದು ಡಬ್ಬಿ ಕಟ್ಟಿಕೊಟ್ಟೆ. ಮರುವರ್ಷ ಎಂಜಿನಿಯರು, ಅಡುಗೆಗೇ ಬನ್ನಿ, ಹಿಂದಿನದನ್ನು ಮರೆತುಬಿಡಿ ಎಂದು ಕರೆದರು. ಹಬ್ಬದ ದಿನ ಪ್ಯಾಸ್ಟಿ ಹೊಸೆಯುವುದಿದೆ ಅಂದೆ. ಅವರ ಅಡುಗೆಮನೆಗೆ ಇವತ್ತಿಗೂ ಕಾಲಿಟ್ಟಿಲ್ಲ.