ಬೆನ್ನ ಹಿಂದೆ ಬಂದು ನಿಂತ ಮೋಟಾರು

ತಪ್ಪು ನನ್ನದೇ. ಜೇವರ್ಗಿಯ ಏರಿನಲ್ಲಿ ನಡುರಸ್ತೆಗೆ ನಿಂತು, ಜಾಗೀರದಾರರ ಹಳೇ ಮೋಟಾರು ಗೇರ್ ಬದಲಿಸುವಾಗ ಚೀರುವಂತೆ ಗಂಟಲು ಹರಿದುಕೊಂಡು ಚೀರುತ್ತಿದ್ದೆ. ಆ ಸಪ್ಪಳಕ್ಕೆ ಗಾಡಿಯವರು ದಡಬಡಿಸಿ ಎತ್ತುಗಳನ್ನು ಬದಿಗೆಳೆಯುತ್ತಿದ್ದರು, ಆಮೇಲೆ ನನ್ನನ್ನು ಕಂಡು ಬೈಯುತ್ತಿದ್ದರು. ನಕಲು ಮಾಡಿ ಬದುಕುವ ನನಗೆ ಆ ಬೈಗುಳವೇ ಇನಾಮು.

ಅಂದು ಮಾತ್ರ ಯಾರೂ ಬೈಯಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದರೆ, ಗೇಣು ದೂರದಲ್ಲಿ ಜಾಗೀರದಾರರ ಹೊಸ ಮೋಟಾರು! ಅಷ್ಟು ದೊಡ್ಡ ಏರು ಹತ್ತಿ ಬಂದರೂ ಒಂದು ಸಪ್ಪಳವಿಲ್ಲ.

"ಎಂಜಿನ್ ಬಂದ್ ಆಗೇತೇನ್ರಿ ಚಾಚಾ?" ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಒಳಗೆ ಬೆಕ್ಕು ಮಲಗಿದಂತೆ ಬೆಚ್ಚಗೆ ಅದುರುತ್ತಿತ್ತು.

ಡ್ರೈವರ್ ಖಾಸೀಮ್ ಚಾಚಾ ಮೀಸೆ ತಿರುವಿದ. "ಇದರ ಎರಡೂ ಗೇರಿನ ಹಲ್ಲು ಒಂದೇ ವೇಗಕ್ಕ ಬಂದ ಮ್ಯಾಲೇ ಕೂಡ್ತಾವ. ಅದಕ್ಕ ಚೀರಂಗಿಲ್ಲ."

ಮರುದಿನ ಅಫಜಲಪುರದ ಮದುವೆಯಲ್ಲಿ ಇದೇ ಹೊಸ ಮೋಟಾರಿನ ನಕಲು ಮಾಡಿ ತೋರಿಸುತ್ತೇನೆಂದು, ಅದನ್ನು ನೋಡುವ ಮೊದಲೇ ಬೀಗರಿಗೆಲ್ಲ ಮಾತು ಕೊಟ್ಟಿದ್ದೆ.

"ಸಪ್ಪಳಾನೇ ಇಲ್ಲದ್ದನ್ನ ನಾ ಹ್ಯಾಂಗ ನಕಲ್ ಮಾಡ್ಲಿ?" ಎಂದು ಅಳುಮೋರೆಯಲ್ಲಿ ಕೇಳಿದೆ.

"ಭಾಳ ಸರಳ ಐತಲೇ," ಎಂದ ಚಾಚಾ. "ಮದುವಿ ಹಂದರದಾಗ ಒಂದ್ ಸುತ್ತು ಹಾಕು, ಬಾಯಿ ಮುಚ್ಕೊಂಡು."