ಉಡಿ ತುಂಬಿಸಿಕೊಂಡು ಬಂದ ಸಾಕ್ಷಿ

ಬಿಟ್ಟ ಹೆಂಡತಿಗೆ ತಿಂಗಳು ತಿಂಗಳು ಜೀವನಾಂಶ ಕೊಡುವುದು ಒಂದು ವ್ರತ. ಫಲ ಬೇಡುವಂತಿಲ್ಲ, ಉದ್ಯಾಪನೆಯೂ ಇಲ್ಲ. ಇಂಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಆರು ವರ್ಷ ಅದನ್ನು ನಿಷ್ಠೆಯಿಂದ ಆಚರಿಸಿದೆ. ಆಕೆ ಮುದ್ದೇಬಿಹಾಳದಲ್ಲಿ ಎರಡು ಬಾಡಿಗೆ ಖೋಲಿ ಹಿಡಿದು ಆ ದುಡ್ಡಿನ ಮೇಲೆಯೇ ಬದುಕಿದ್ದಳು. ಸೊಂಟದ ನೋವು, ಬೇರೆ ಕೆಲಸ ಆಗುತ್ತಿರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ನಾನು ಇನ್ನಷ್ಟು ಸಭ್ಯನಾಗಿ ಕಾಣುತ್ತೇನೆ. ಗೊತ್ತಿತ್ತು.

ಅಷ್ಟರಲ್ಲಿ, ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ತಾಳಿಕೋಟೆಯ ಗಂಡಸೊಬ್ಬ ಆಕೆಯ ಮನೆಯಲ್ಲೇ ಇದ್ದಾನೆಂದು ಸುದ್ದಿ ಬಂತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಬೇರೊಬ್ಬನ ಕೂಡ ಸಂಸಾರ ಮಾಡುವವಳಿಗೆ ಜೀವನಾಂಶವಿಲ್ಲ ಎಂಬ ಕಾಯಿದೆ ನೆನಪಾಯಿತು.

"ಯಾವನೋ ಬಂದು ಹೋಗತಾನಂದ್ರ ಕೋರ್ಟು ಕೇಳಂಗಿಲ್ರಿ ಮಾಸ್ತರ," ಎಂದರು ನನ್ನ ವಕೀಲರು. "ಗಂಡಾ ಹೆಂಡ್ತಿ ಹಂಗ ಒಂದ ಮನ್ಯಾಗ ಅದಾರಂತ ಸಾಬೀತಾಗಬೇಕು. ಒಳಗ ಹೋಗಿ ನೋಡಿದವರನ್ನ ಕರಕೊಂಡು ಬರ್ರಿ."

ಒಳಗೆ ಹೋಗಬಲ್ಲವಳು ಒಬ್ಬಳೇ: ಬಸವನ ಬಾಗೇವಾಡಿಗೆ ಕೊಟ್ಟಿದ್ದ ನನ್ನ ಅಕ್ಕ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದಿಲ್ಲ. ಸೆರಗಿನೊಳಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮೇಲೊಂದು ಕುಪ್ಪಸದ ಖಣ. ಸಂಬಂಧ ಕೋರ್ಟಿನಲ್ಲಿ ಮುರಿಯುತ್ತದೆ, ಈ ಪದ್ಧತಿ ಮುರಿಯುವುದಿಲ್ಲ. ನಾನು ನೆಚ್ಚಿದ್ದು ಅದನ್ನೇ.

ಅಕ್ಕ ಮುದ್ದೇಬಿಹಾಳಕ್ಕೆ ಹೋದಳು. ಆಕೆ ಗೋಧಿ ಬೆಲ್ಲದ ಮಾದಲಿ ಮಾಡಿ ತುಪ್ಪ ಸುರಿದು ಉಣ್ಣಿಸಿದಳಂತೆ. ಉಡಿ ತುಂಬುವಾಗ ತಾನಾಗಿಯೇ ಹೇಳಿದಳಂತೆ: "ಎರಡು ವರ್ಷ ಆತ್ರಿ ಅಕ್ಕಾರ, ಅವರು ಇಲ್ಲೇ ಇರತಾರ. ಜ್ವರ ಬಂದು ಬಿದ್ರ ನೀರು ಕೊಡಾಕ ಒಬ್ಬರು ಬೇಕಲ್ರಿ. ನಿಮ್ಮ ತಮ್ಮಗ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲೆವ್ವಾ," ಎಂದಳಂತೆ ಅಕ್ಕ.

ಮರುದಿನ ಇಂಡಿಗೆ ಬಂದು ಉಡಿ ಬಿಚ್ಚುತ್ತಲೇ ಎಲ್ಲ ಹೇಳಿದಳು. "ಪಲಂಗ ಒಂದ ಐತೋ ತಮ್ಮಾ. ಕಣ್ಣಾರೆ ನೋಡೇನಿ." ಉಡಿಯ ಅಕ್ಕಿ ಕೆಡಿಸಿದರೆ ಪಾಪ. ಅಂದೇ ಅನ್ನ ಮಾಡಿ ಇಬ್ಬರೂ ಉಂಡೆವು.

ಖಣವನ್ನೂ ಕೆಡಿಸಲಿಲ್ಲ. ಅಕ್ಕ ಅದರ ಕುಪ್ಪಸ ಹೊಲಿಸಿ, ಅದನ್ನೇ ತೊಟ್ಟು ಸಾಕ್ಷಿ ಹೇಳಲು ಬಂದಳು. ಕೋರ್ಟಿನ ಪಡಸಾಲೆಯಲ್ಲಿ ಖಣ ಕೊಟ್ಟವಳು ಅದನ್ನು ಬಹಳ ಹೊತ್ತು ನೋಡಿದಳು.

"ಚೊಲೋ ಒಪ್ಪೇತ್ರಿ ಅಕ್ಕಾರ."

"ತೋಳ ಒಂಚೂರು ಬಿಗಿ ಆಗೇತವ್ವಾ," ಎಂದಳು ಅಕ್ಕ.

ಬಿಟ್ಟ ಹೆಂಡತಿ ಸುಳ್ಳು ಹೇಳುತ್ತಾಳೆಂದು ನಮ್ಮ ವಕೀಲರು ಹದಿನೈದು ಅಡ್ಡಪ್ರಶ್ನೆ ಬರೆದುಕೊಂಡು ಬಂದಿದ್ದರು. ಮೊದಲನೆಯದಕ್ಕೇ "ಹೌದ್ರಿ, ನನ್ನ ಕೂಡ ಅದಾರ" ಎಂದುಬಿಟ್ಟಳು. ಉಳಿದ ಹದಿನಾಲ್ಕು ಪ್ರಶ್ನೆಗಳು ಹಾಳಾದವೆಂದು ವಕೀಲರು ನೊಂದುಕೊಂಡರು. ಜೀವನಾಂಶ ರದ್ದಾಯಿತು. ನಾನು, ಅಕ್ಕ, ವಕೀಲರು ಮೂವರೂ ಪೇಢೆ ತಿಂದೆವು.

ಆದೇಶವಾಗಿ ಎರಡು ತಿಂಗಳಿಗೆ ಮೋಟಾರಿನವನು ಪಾನಾ, ಪಕ್ಕಡ ಎಲ್ಲ ರಿಪೇರಿ ಸಾಮಾನು ಕಟ್ಟಿಕೊಂಡು ತಾಳಿಕೋಟೆಗೆ ಹೊರಟುಹೋದ. ಅಷ್ಟು ದಿನ ನಾನು ಇಬ್ಬರನ್ನು ಸಾಕಿದ್ದೆನೆಂದು ಆಗ ತಿಳಿಯಿತು. ಆ ಇಬ್ಬರಲ್ಲಿ ಒಬ್ಬನಾದರೂ ನನ್ನಷ್ಟೇ ಲೆಕ್ಕದ ಮನುಷ್ಯನಾಗಿದ್ದ. ಬಾಡಿಗೆ ಕಟ್ಟಲಾರದೆ ಆಕೆ ಖೋಲಿ ಬಿಟ್ಟಳು. ಸಿಂದಗಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಿಂತಳು.

"ಅಂವ ಹೋದನಂದ್ರ ಆಕಿ ಮತ್ತ ಅರ್ಜಿ ಹಾಕಿ ನೋಡಬಹುದ್ರಿ," ಎಂದರು ವಕೀಲರು, ದನಿ ತಗ್ಗಿಸಿ. "ಆಕಿಗೆ ಗೊತ್ತಿದ್ದಂಗಿಲ್ಲ. ನೀವು ಸುಮ್ಮಕ ಇರ್ರಿ."

ಹೋದ ವರ್ಷ ಸಿಂದಗಿಯಲ್ಲಿ ಕೆಲಸವಿತ್ತು. ಬೇರೆ ಖಾನಾವಳಿಗಳೂ ಇದ್ದವು. ನಾನು ಅಲ್ಲಿಗೇ ಹೋಗಿ ಕುಳಿತೆ. ಆಕೆ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಬುಟ್ಟಿ ಹಿಡಿದು ಬಂದಳು. ನನ್ನನ್ನು ಗುರುತಿಸಿದಳು. ಬಂದ ಗಿರಾಕಿಗಳನ್ನು ಕೇಳುವಂತೆಯೇ ಕೇಳಿದಳು:

"ಇನ್ನೊಂದು ಹಾಕ್ಲೇನ್ರಿ?"

ಹೇಳಬೇಕಾದ ಮಾತು ಒಂದೇ ಇತ್ತು, ಅರ್ಜಿಯದು. ಬಾಯಲ್ಲಿ ರೊಟ್ಟಿ ಇತ್ತು. ಹಾಕು ಎಂದು ಕೈ ಮಾಡಿದೆ, ಎರಡು ಹಾಕಿದಳು. ತಿಂದು, ಕೈ ತೊಳೆದು, ಇಂಡಿಯ ಬಸ್ಸು ಹಿಡಿದೆ.